ಪ್ಲಾಸ್ಟಿಕ್ ಬಕೆಟ್ಟಿಗೆ ಹೀಟಿಂಗ್ ಎಲಿಮೆಂಟ್ ಕೂರಿಸಿ ಬಿಯರ್ ಕುದಿಸುವುದು

ಮನೆಯಲ್ಲಿ ಬಿಯರ್ ತಯಾರಿಸಲು ಹೊರಟವರಿಗೆ ಮೊದಲು ಎದುರಾಗುವ ದೊಡ್ಡ ಖರ್ಚು ಕುದಿಸುವ ಪಾತ್ರೆಯದು. ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು) ಬಿಸಿನೀರಿನಲ್ಲಿ ನೆನೆಸಿ ಬಸಿದ ಸಿಹಿರಸವನ್ನು, ಅಂದರೆ ವರ್ಟನ್ನು, ಹಾಪ್ಸ್ ಹೂವಿನೊಂದಿಗೆ ಒಂದು ಗಂಟೆಯಾದರೂ ಕೊತಕೊತನೆ ಕುದಿಸಬೇಕು. ಇಪ್ಪತ್ತೈದು ಲೀಟರಿನಷ್ಟು ರಸವನ್ನು ಹಾಗೆ ಕುದಿಸಬಲ್ಲ ಸ್ಟೀಲ್ ಪಾತ್ರೆಯೂ ಅದಕ್ಕೆ ತಕ್ಕ ದೊಡ್ಡ ಒಲೆಯೂ ಎಲ್ಲರ ಬಳಿ ಇರುವುದಿಲ್ಲ. ಆದ್ದರಿಂದಲೇ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್ಟಿನ ಗೋಡೆಗೆ ತೂತು ಕೊರೆದು, ಎಲೆಕ್ಟ್ರಿಕ್ ಕೆಟಲಿನಲ್ಲಿ ಇರುವಂತಹ ಒಂದೆರಡು ಎಲಿಮೆಂಟುಗಳನ್ನು ಕೂರಿಸಿ, ಅದನ್ನೇ ಕುದಿಪಾತ್ರೆಯಾಗಿ ಬಳಸುವ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ನಾನೂ ಹಾಗೆಯೇ ಆರಂಭಿಸಿದವನು. ಮೂರು ಬಕೆಟ್ಟುಗಳನ್ನು ಬಳಸಿ ನೋಡಿದ್ದೇನೆ; ಅವುಗಳಲ್ಲಿ ಎರಡನ್ನು ನಿವೃತ್ತಿಗೊಳಿಸಿದ್ದೇನೆ. ಈ ಅವಧಿಯಲ್ಲಿ ನನಗೆ ಮನದಟ್ಟಾದ ಒಂದು ಸಂಗತಿಯ ಸುತ್ತ ಈ ಬರಹವಿದೆ: ಇಲ್ಲಿ ಪಾತ್ರೆಯನ್ನು ಕಾಯುವುದು ಅದರೊಳಗಿನ ದ್ರವವೇ ಹೊರತು ಬೇರಾವುದೂ ಅಲ್ಲ, ಆದ್ದರಿಂದ ಅಪಾಯವನ್ನು ಹುಡುಕಬೇಕಾದದ್ದು ದ್ರವ ತಲುಪದ ಜಾಗಗಳಲ್ಲಿ.

ಈ ಬಕೆಟ್ಟನ್ನು ಮೊದಲ ಸಲ ನೋಡಿದವರೆಲ್ಲರೂ ಪ್ಲಾಸ್ಟಿಕ್ ಕರಗುವುದಿಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದು. ಕಾಗದದ ಲೋಟದಲ್ಲಿ ನೀರು ತುಂಬಿ ಜ್ವಾಲೆಯ ಮೇಲೆ ಹಿಡಿದರೆ ನೀರು ಕುದಿಯುತ್ತದೆ, ಕಾಗದ ಉರಿಯುವುದಿಲ್ಲ. ಈ ಪ್ರಯೋಗವನ್ನು ಶಾಲೆಯಲ್ಲಿ ನೋಡಿದವರಿಗೆ ಉತ್ತರದ ಅರ್ಧ ಭಾಗ ಗೊತ್ತಿರುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಸಕ್ಕರೆ ಕರಗಿರುವ ವರ್ಟ್ ಅದಕ್ಕಿಂತ ತುಸು ಮೇಲೆ. ಕುದಿಯಲಾರಂಭಿಸಿದ ಮೇಲೆ ನೀವು ಕೊಡುವ ಹೆಚ್ಚುವರಿ ಶಾಖವೆಲ್ಲ ಆವಿಯಾಗಲು ವ್ಯಯವಾಗುತ್ತದೆಯೇ ಹೊರತು ದ್ರವದ ಬಿಸಿ ಏರುವುದಿಲ್ಲ. ಬೆಂಕಿ ಹೊರಗಿನಿಂದ ತಗಲುವ ಪಾತ್ರೆಯಲ್ಲಿ ಗೋಡೆಯನ್ನು ದಾಟಿಕೊಂಡೇ ಶಾಖ ಒಳಬರಬೇಕು; ಎಲಿಮೆಂಟ್ ಕೂರಿಸಿದ ಬಕೆಟ್ಟಿನಲ್ಲಾದರೋ ಶಾಖ ಹುಟ್ಟುವುದೇ ದ್ರವದ ನಡುವೆ. ಗೋಡೆಗೆ ತಗಲುವುದು ಕುದಿಯುವ ರಸದ ಬಿಸಿ ಮಾತ್ರ, ಮೇಲಿನ ಭಾಗಕ್ಕೆ ತಗಲುವ ಆವಿಯೂ ಅಷ್ಟೇ ಬಿಸಿಯದು. ಹಾಗಾಗಿ ಪ್ರಶ್ನೆಯನ್ನು ತಿದ್ದಿ ಕೇಳಬೇಕು: ಈ ಪ್ಲಾಸ್ಟಿಕ್ 100 ಡಿಗ್ರಿಯಲ್ಲಿ, ಇಪ್ಪತ್ತೈದು ಕಿಲೋ ಭಾರ ಹೊತ್ತು, ಗಂಟೆಗಟ್ಟಲೆ ನಿಲ್ಲಬಲ್ಲುದೇ?

ಇಲ್ಲಿ ಪ್ಲಾಸ್ಟಿಕ್ಕಿನ ಜಾತಿ ಮುಖ್ಯವಾಗುತ್ತದೆ. ಬಕೆಟ್ಟಿನ ತಳದಲ್ಲಿ ಬಾಣಗಳ ತ್ರಿಕೋನದೊಳಗೆ 2 ಎಂದಿದ್ದರೆ ಅದು ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್. 5 ಎಂದಿದ್ದರೆ ಪಾಲಿಪ್ರೊಪಿಲೀನ್. ಮೊದಲನೆಯದು ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ, ಎರಡನೆಯದು ಸುಮಾರು 160 ಡಿಗ್ರಿಯಲ್ಲಿ. ಅಂಕಿಗಳನ್ನು ನೋಡಿದರೆ ಎರಡೂ ಕ್ಷೇಮವೆಂದೇ ಅನಿಸುತ್ತದೆ, ಆದರೆ ಪ್ಲಾಸ್ಟಿಕ್ ಮಂಜುಗಡ್ಡೆಯ ಹಾಗೆ ಒಂದು ಬಿಂದುವಿನವರೆಗೆ ಗಟ್ಟಿಯಾಗಿದ್ದು ಅಲ್ಲಿ ಒಮ್ಮೆಲೇ ನೀರಾಗುವ ವಸ್ತುವಲ್ಲ. ಕರಗುವುದಕ್ಕೆ ಬಹಳ ಮುಂಚೆಯೇ ಅದು ತನ್ನ ಬಿಗುವನ್ನು ಕಳೆದುಕೊಳ್ಳುತ್ತ ಬರುತ್ತದೆ. ಕುದಿಯುವ ರಸ ತುಂಬಿದ ಎಚ್‌ಡಿಪಿಇ ಬಕೆಟ್ಟಿನ ಗೋಡೆಯನ್ನು ಮರದ ಸೌಟಿನಿಂದ ಒತ್ತಿ ನೋಡಿದರೆ ಅದು ಚರ್ಮದಂತೆ ಒಳಕ್ಕೆ ಸರಿಯುತ್ತದೆ. ಪ್ರಯೋಗಾಲಯಗಳಲ್ಲಿ ಪಾಲಿಪ್ರೊಪಿಲೀನ್ ಬಾಟಲಿಗಳನ್ನು 121 ಡಿಗ್ರಿಯ ಆವಿಯಲ್ಲಿ ಮತ್ತೆ ಮತ್ತೆ ಕ್ರಿಮಿಶುದ್ಧಗೊಳಿಸುತ್ತಾರೆ. ಪಾಲಿಎಥಿಲೀನ್ ಬಾಟಲಿಗಳನ್ನು ಹಾಗೆ ಮಾಡುವುದಿಲ್ಲ. ಪ್ಲಾಸ್ಟಿಕ್ ಮೈಯ ಎಲೆಕ್ಟ್ರಿಕ್ ಕೆಟಲುಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನಿನವೇ. ಈ ಎರಡು ಸಂಗತಿಗಳು ನನಗೆ ಮೊದಲೇ ತಿಳಿದಿದ್ದರೆ ನನ್ನ ಮೊದಲ ಬಕೆಟ್ಟನ್ನು ಕೊಳ್ಳುತ್ತಲೇ ಇರಲಿಲ್ಲ. ಎಚ್‌ಡಿಪಿಇ ಬಕೆಟ್ಟಿನಲ್ಲಿ ವರ್ಷಾನುಗಟ್ಟಲೆ ಕುದಿಸಿದವರಿದ್ದಾರೆ, ಅದು ಸಾಧ್ಯವೂ ಹೌದು. ಆದರೂ ಆಯ್ಕೆ ಇರುವಾಗ ದಪ್ಪ ಗೋಡೆಯ ಪಾಲಿಪ್ರೊಪಿಲೀನನ್ನೇ ಆರಿಸಿಕೊಳ್ಳಿ ಎಂದು ನಿಸ್ಸಂಶಯವಾಗಿ ಹೇಳುತ್ತೇನೆ. ಸಂಖ್ಯೆಯೇ ಇಲ್ಲದ ಪಾತ್ರೆ ಈ ಕೆಲಸಕ್ಕೆ ಬೇಡ. ಆಹಾರಕ್ಕೆ ಯೋಗ್ಯ ಎಂಬ ಲೋಟ ಮತ್ತು ಮುಳ್ಳುಚಮಚದ ಗುರುತು ಇದ್ದ ಮಾತ್ರಕ್ಕೆ ಕುದಿಯುವ ಆಹಾರಕ್ಕೂ ಯೋಗ್ಯ ಎಂದಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು, ಏಕೆಂದರೆ ಬಿಸಿ ಏರಿದಷ್ಟೂ ಪ್ಲಾಸ್ಟಿಕ್ಕಿನೊಳಗಿನ ಸಣ್ಣ ಅಣುಗಳು ರಸಕ್ಕೆ ಸೇರುವ ವೇಗವೂ ಏರುತ್ತದೆ. ತಯಾರಕರು ಬಿಸಿ ತುಂಬಲು ಯೋಗ್ಯವೆಂದು ಯಾವ ಉಷ್ಣಾಂಶದವರೆಗೆ ಹೇಳಿದ್ದಾರೆ ಎಂಬುದನ್ನು ನೋಡಿಯೇ ಕೊಳ್ಳಬೇಕು. ಹೊಸ ಬಕೆಟ್ಟಿನಲ್ಲಿ ಬರಿಯ ನೀರನ್ನು ಒಂದು ಗಂಟೆ ಕುದಿಸಿ, ಆರಿಸಿ, ಆ ನೀರನ್ನು ಮೂಸಿ, ಬಾಯಲ್ಲಿಟ್ಟು ನೋಡಿ, ಪ್ಲಾಸ್ಟಿಕ್ಕಿನ ವಾಸನೆಯೋ ರುಚಿಯೋ ಇದ್ದರೆ ಬಳಸುವುದನ್ನು ಬಿಟ್ಟುಬಿಡಬೇಕು.

ಇನ್ನು ಎಷ್ಟು ವಾಟಿನ ಎಲಿಮೆಂಟ್ ಬೇಕೆಂಬ ಲೆಕ್ಕ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು 4.19 ಕಿಲೋಜೂಲ್ ಬೇಕು. 25 ಲೀಟರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಒಯ್ಯಲು ಸುಮಾರು 8,400 ಕಿಲೋಜೂಲ್, ಅಂದರೆ 2.3 ಯೂನಿಟ್ಟಿಗೆ ತುಸು ಮೇಲ್ಪಟ್ಟ ವಿದ್ಯುತ್ ಬೇಕು. 2 ಕಿಲೋವಾಟಿನ ಒಂದೇ ಎಲಿಮೆಂಟ್ ಇದ್ದರೆ, ಶಾಖ ಎಲ್ಲೂ ಪೋಲಾಗದಿದ್ದರೂ, ಕುದಿ ಬರಲು 70 ನಿಮಿಷ ಹಿಡಿಯುತ್ತದೆ. ಎರಡಿದ್ದರೆ 35 ನಿಮಿಷ. ಕುದಿ ಬಂದ ಮೇಲೆ ಎರಡೂ ಬೇಕಾಗುವುದಿಲ್ಲ. ಒಂದು ಕಿಲೋ ನೀರು ಆವಿಯಾಗಲು 2,257 ಕಿಲೋಜೂಲ್ ಬೇಕಾಗುವುದರಿಂದ 2 ಕಿಲೋವಾಟಿನ ಎಲಿಮೆಂಟ್ ಗಂಟೆಗೆ ಹೆಚ್ಚೆಂದರೆ 3.2 ಲೀಟರನ್ನು ಆವಿಯಾಗಿಸಬಲ್ಲುದು, ಗೋಡೆಯಿಂದ ಹೊರಹೋಗುವ ಶಾಖವನ್ನು ಕಳೆದರೆ ಇನ್ನೂ ಕಡಿಮೆ. ಒಳ್ಳೆಯ ಕುದಿತಕ್ಕೆ ಅಷ್ಟು ಸಾಕು. ಹೀಗೆ ಎರಡು ಎಲಿಮೆಂಟುಗಳಿಂದ ಕುದಿ ಬರಿಸಿ, ಒಂದನ್ನು ಆರಿಸಿ, ಇನ್ನೊಂದರಿಂದಲೇ ಕುದಿಯನ್ನು ಕಾಯ್ದುಕೊಳ್ಳುವುದು ಅತ್ಯಂತ ಸರಳವಾದ ಏರ್ಪಾಡು. ನೊರೆ ಉಕ್ಕಿ ಬರುವ ಮೊದಲ ಹತ್ತು ನಿಮಿಷಗಳಲ್ಲಿ ಆ ಸ್ವಿಚ್ಚಿನ ಬಳಿಯೇ ನಿಂತಿರಬೇಕು ಎಂಬುದು ಬೇರೆ ಮಾತು. ಪ್ಲಾಸ್ಟಿಕ್ ಲೋಹದಷ್ಟು ಸುಲಭವಾಗಿ ಶಾಖವನ್ನು ಹಾಯಿಸುವುದಿಲ್ಲವಾದ್ದರಿಂದ ಗೋಡೆಯ ಮೂಲಕ ಆಗುವ ನಷ್ಟವೂ ಸ್ವಲ್ಪ ಕಡಿಮೆಯೇ. ಹಾಗೆಂದು ಹೊರಮೈಯನ್ನು ಮುಟ್ಟಬಾರದು. ಕೈ ಸುಡುವಷ್ಟು ಬಿಸಿ ಅಲ್ಲೂ ಇರುತ್ತದೆ.

ಎರಡು ಎಲಿಮೆಂಟ್ ಎಂದರೆ ಎರಡು ಪ್ಲಗ್ಗು, ಎರಡು ಬೇರೆ ಬೇರೆ ಸರ್ಕ್ಯೂಟು. 230 ವೋಲ್ಟಿನಲ್ಲಿ 2 ಕಿಲೋವಾಟ್ ಎಂದರೆ 8.7 ಆಂಪಿಯರ್. ಎರಡನ್ನೂ ಒಂದೇ ವಿಸ್ತರಣಾ ಬೋರ್ಡಿಗೆ ಸಿಕ್ಕಿಸಿದರೆ ಆ ಬೋರ್ಡಿನ ತಂತಿ 17 ಆಂಪಿಯರನ್ನು ಒಂದು ಗಂಟೆ ಹೊರಬೇಕಾಗುತ್ತದೆ. ಅದು ಆಗದ ಮಾತು.

ಎಲಿಮೆಂಟಿನ ರಚನೆಯನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಡುವೆ ನಿಕ್ಕೆಲ್-ಕ್ರೋಮಿಯಂ ಮಿಶ್ರಲೋಹದ ಸುರುಳಿ ತಂತಿ, ಅದರ ಸುತ್ತ ಬಿಗಿಯಾಗಿ ಒತ್ತಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಹೊರಗೆ ತಾಮ್ರದ ಅಥವಾ ಸ್ಟೀಲಿನ ಕೊಳವೆ. ಈ ಪುಡಿ ಶಾಖವನ್ನು ಹಾಯಿಸುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಎಲಿಮೆಂಟ್ ತನ್ನ ಬಿಸಿಯನ್ನು ತಾನೇ ನಿಯಂತ್ರಿಸಿಕೊಳ್ಳಲಾರದು; ಸುತ್ತಲಿನ ನೀರು ಶಾಖವನ್ನು ಒಯ್ಯುತ್ತಿರುವಷ್ಟು ಹೊತ್ತು ಅದರ ಹೊರಮೈ ಕುದಿಬಿಂದುವಿಗಿಂತ ಹೆಚ್ಚೇನೂ ಮೇಲೇರುವುದಿಲ್ಲ. ನೀರು ಇಳಿದು ಅದು ಗಾಳಿಗೆ ತೆರೆದುಕೊಂಡರೆ ಸ್ವಲ್ಪ ಹೊತ್ತಿನಲ್ಲೇ ನೂರಾರು ಡಿಗ್ರಿಗೆ ಏರಿ ಕೆಂಪಗಾಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹೀಗಾದರೆ ಎಲಿಮೆಂಟ್ ಸುಟ್ಟುಹೋದೀತು. ಪ್ಲಾಸ್ಟಿಕ್ ಪಾತ್ರೆಯಲ್ಲಿ ಹೀಗಾದರೆ ಪಾತ್ರೆಯೇ ಹೊತ್ತಿಕೊಂಡೀತು. ಎರಡೂ ಪಾತ್ರೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ.

ಆದ್ದರಿಂದ ನಾನು ನನ್ನ ಈಗಿನ ಪಾತ್ರೆಯಲ್ಲಿ ನಲ್ಲಿಯನ್ನು ಎಲಿಮೆಂಟಿಗಿಂತ ಮೇಲೆ ಕೂರಿಸಿದ್ದೇನೆ. ಸಾಮಾನ್ಯವಾಗಿ ಎಲ್ಲರೂ ನಲ್ಲಿಯನ್ನು ಆದಷ್ಟು ತಳಕ್ಕೆ ಇಡುತ್ತಾರೆ, ಒಂದು ಹನಿಯೂ ಉಳಿಯಬಾರದೆಂದು. ನಲ್ಲಿ ಮೇಲಿದ್ದರೆ ಎರಡು ಮೂರು ಲೀಟರ್ ತಳದಲ್ಲಿ ಉಳಿದುಬಿಡುತ್ತದೆ ನಿಜ, ಆದರೆ ನಲ್ಲಿಯನ್ನು ತೆರೆದಿಟ್ಟು ಮರೆತರೂ ಎಲಿಮೆಂಟ್ ಮುಳುಗಿಯೇ ಇರುತ್ತದೆ. ಉಳಿಯುವ ರಸದಲ್ಲಿ ಬಹುಪಾಲು ಹಾಪ್ಸಿನ ಚರಟ ಮತ್ತು ಹೆಪ್ಪುಗಟ್ಟಿದ ಪ್ರೋಟೀನು ಇರುವುದರಿಂದ ಅದನ್ನು ಕಳೆದುಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಮುಗಿದ ಮೇಲೆ ಬಕೆಟ್ಟನ್ನು ವಾಲಿಸುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಇಡಬೇಕು ಎಂಬುದು ನಾನು ಒಮ್ಮೆಯೂ ಮುರಿಯದ ನಿಯಮ. ಕೊಳವೆಯ ಸುರುಳಿ ಎಲ್ಲೂ ಗೋಡೆಗೆ ತಾಗದಂತೆ, ಕನಿಷ್ಠ ಎರಡು ಮೂರು ಸೆಂಟಿಮೀಟರ್ ಅಂತರ ಇರುವಂತೆ ನೋಡಿಕೊಳ್ಳಬೇಕು. ತಾಗಿದ ಕಡೆ ನೀರು ನುಸುಳಲು ಜಾಗವಿರದೆ, ತುಂಬಿದ ಬಕೆಟ್ಟಿನೊಳಗೇ ಪ್ಲಾಸ್ಟಿಕ್ ಸುಡಬಹುದು.

ಈಗ ತೂತಿನ ವಿಷಯ. ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಎಲಿಮೆಂಟಿನ ಬುಡದ ಅಳತೆಗೆ ಸರಿಯಾದ ಹೋಲ್ ಸಾದಿಂದ (ದುಂಡು ತೂತು ಕೊರೆಯುವ ಗರಗಸದಿಂದ) ನಿಧಾನವಾಗಿ ಕೊರೆದು, ಅಂಚಿನ ಸಿಬಿರುಗಳನ್ನೆಲ್ಲ ಹೆರೆದು ನಯ ಮಾಡಿ, ಒಳಗಡೆ ಸಿಲಿಕೋನ್ ವಾಷರ್ ಇಟ್ಟು, ಹೊರಗಿನಿಂದ ನಟ್ಟು ಬಿಗಿದು, ತಣ್ಣೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡಿದ್ದೆ. ಒಂದು ಹನಿಯೂ ಸೋರಲಿಲ್ಲ. ಮರುದಿನ ಮೊದಲ ಬಾರಿಗೆ ಬಿಯರ್ ಕುದಿಸಿದಾಗಲೂ ಸೋರಲಿಲ್ಲ. ಕುದಿತ ಮುಗಿದು ರಸ ಆರುತ್ತಿದ್ದಾಗ ನಟ್ಟಿನ ಸುತ್ತ ಒದ್ದೆಯಾಗಿ, ಆಮೇಲೆ ತೊಟ್ಟಿಕ್ಕಲಾರಂಭಿಸಿತು. ಬಿಸಿಯಲ್ಲಿ ಸೋರದ್ದು ತಂಪಾದಾಗ ಸೋರುವುದೇಕೆಂದು ನನಗೆ ಬಹಳ ಹೊತ್ತು ಹೊಳೆಯಲಿಲ್ಲ. ನಟ್ಟನ್ನು ಇನ್ನಷ್ಟು ಬಿಗಿದೆ. ಮುಂದಿನ ಸಲ ಸೋರಿಕೆ ಹೆಚ್ಚಾಯಿತೇ ವಿನಾ ಕಡಿಮೆಯಾಗಲಿಲ್ಲ.

ಕಾರಣ ಹೀಗಿದೆ. ಎಚ್‌ಡಿಪಿಇ ಬಿಸಿಗೆ ಸ್ಟೀಲಿಗಿಂತ ಸುಮಾರು ಹತ್ತು ಪಟ್ಟು ಹಿಗ್ಗುತ್ತದೆ. 30 ಸೆಂಟಿಮೀಟರ್ ಅಗಲದ ಬಕೆಟ್ಟು 80 ಡಿಗ್ರಿ ಬಿಸಿಯಾದರೆ 3 ಮಿಲಿಮೀಟರಿಗಿಂತ ಹೆಚ್ಚು ಅಗಲವಾಗುತ್ತದೆ. ಅಷ್ಟೇ ಅಗಲದ ಸ್ಟೀಲ್ ಪಾತ್ರೆ ಅರ್ಧ ಮಿಲಿಮೀಟರೂ ಅಗಲವಾಗುವುದಿಲ್ಲ. ಗೋಡೆಯ ದಪ್ಪವೂ ಅದೇ ಪ್ರಮಾಣದಲ್ಲಿ ಹಿಗ್ಗಬಯಸುತ್ತದೆ, ಆದರೆ ನಟ್ಟು ಮತ್ತು ಬುಡದ ಲೋಹದ ಬಿಲ್ಲೆಯ ನಡುವೆ ಸಿಕ್ಕಿಕೊಂಡಿರುವ ಭಾಗಕ್ಕೆ ಹಿಗ್ಗಲು ಜಾಗವಿಲ್ಲ. ಅದೇ ಹೊತ್ತಿಗೆ ಪ್ಲಾಸ್ಟಿಕ್ ಮೆತ್ತಗೂ ಆಗಿರುತ್ತದೆ. ಒತ್ತಡ ತಾಳದೆ ಅದು ಹಿಟ್ಟಿನಂತೆ ಪಕ್ಕಕ್ಕೆ ಹರಿದು, ನಟ್ಟಿನಡಿ ತೆಳುವಾಗುತ್ತದೆ. ಆರಿದ ಮೇಲೆ ಅದು ಮೊದಲಿನ ದಪ್ಪಕ್ಕೆ ಮರಳುವುದಿಲ್ಲ, ಹಾಗಾಗಿ ನಟ್ಟು ಸಡಿಲವಾಗಿ ಹನಿ ಇಣುಕುತ್ತದೆ. ಸೋರಿತೆಂದು ಇನ್ನಷ್ಟು ಬಿಗಿದರೆ ಮುಂದಿನ ಬಿಸಿಗೆ ಇನ್ನಷ್ಟು ಪ್ಲಾಸ್ಟಿಕ್ ಹಿಂಡಿಹೋಗುತ್ತದೆ. ಬಿಗಿಯುವ ಕೈಯೇ ಇಲ್ಲಿ ಹಾಳುಮಾಡುವ ಕೈ. ಪರಿಹಾರವಿರುವುದು ಸಿಲಿಕೋನ್ ವಾಷರಿನಲ್ಲಿ: ಗೋಡೆ ಹಿಗ್ಗಿದಾಗ ತಾನು ಕುಗ್ಗಿ, ಗೋಡೆ ಕುಗ್ಗಿದಾಗ ತಾನು ಹಿಗ್ಗಿ, ನಡುವಿನ ಜಾಗವನ್ನು ಅದು ತುಂಬುತ್ತದೆ. ಅದಕ್ಕಾಗಿ ವಾಷರ್ ದಪ್ಪವಾಗಿರಬೇಕು, ಎರಡು ಮೂರು ಮಿಲಿಮೀಟರಾದರೂ ಇರಬೇಕು, ಮತ್ತು ನಟ್ಟನ್ನು ವಾಷರ್ ಸ್ವಲ್ಪವೇ ಉಬ್ಬುವಷ್ಟು ಮಾತ್ರ ಬಿಗಿಯಬೇಕು. ಬಕೆಟ್ಟಿನ ಗೋಡೆ ಬಾಗಿರುವುದರಿಂದ ಚಪ್ಪಟೆ ಬಿಲ್ಲೆ ಅದರ ಮೇಲೆ ಸಮವಾಗಿ ಕೂರುವುದಿಲ್ಲ. ಆ ವ್ಯತ್ಯಾಸವನ್ನು ತುಂಬಬೇಕಾದದ್ದೂ ಈ ವಾಷರೇ. ಸೋರಿಕೆಯ ಪರೀಕ್ಷೆಯನ್ನು ತಣ್ಣೀರಿನಲ್ಲಿ ಮಾಡಿ ಪ್ರಯೋಜನವಿಲ್ಲ. ನೀರನ್ನು ಕುದಿಸಿ, ಪೂರ್ತಿ ಆರಲು ಬಿಟ್ಟು, ಹೀಗೆ ಎರಡು ಮೂರು ಸಲ ಮಾಡಿದ ಮೇಲೂ ನಟ್ಟಿನ ಸುತ್ತ ಒರಸಿದ ಕಾಗದ ಒಣಗಿದ್ದರೆ ಮಾತ್ರ ಆ ತೂತನ್ನು ನಂಬಬಹುದು.

ಸೋರಿಕೆಯನ್ನು ನಾನು ಇಷ್ಟು ದೊಡ್ಡದು ಮಾಡಿ ಹೇಳಲು ಕಾರಣ ರಸ ವ್ಯರ್ಥವಾಗುತ್ತದೆ ಎಂಬುದಲ್ಲ. ಸೋರುವ ಹನಿ ನೇರವಾಗಿ ಇಳಿಯುವುದು ವಿದ್ಯುತ್ತಿನ ಕಂಬಿಗಳ ಮೇಲೆ.

ಸ್ಟೀಲ್ ಪಾತ್ರೆಯಲ್ಲಿ ಎಲಿಮೆಂಟಿನ ಬುಡದ ಮೂಲಕ ಇಡೀ ಪಾತ್ರೆಗೇ ಅರ್ಥಿಂಗ್ ಸಿಗುತ್ತದೆ. ಎಲಿಮೆಂಟಿನ ಕೊಳವೆ ಬಿರುಕುಬಿಟ್ಟು ಒಳಗಿನ ತಂತಿ ರಸಕ್ಕೆ ತಾಗಿದರೂ ವಿದ್ಯುತ್ತು ಪಾತ್ರೆಯ ಮೂಲಕ ನೆಲಕ್ಕೆ ಹೋಗುವ ದಾರಿ ವಿಶಾಲವಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲ. ಅರ್ಥಿಂಗ್ ತಂತಿ ಎಲಿಮೆಂಟಿನ ಲೋಹದ ಬುಡಕ್ಕೆ ಗಟ್ಟಿಯಾಗಿ ಸೇರಿರದಿದ್ದರೆ, ಬಿರುಕುಬಿಟ್ಟ ಎಲಿಮೆಂಟ್ ಇಪ್ಪತ್ತೈದು ಲೀಟರ್ ರಸಕ್ಕೂ ವಿದ್ಯುತ್ ಹಾಯಿಸಿ ಸುಮ್ಮನಿರುತ್ತದೆ. ಯಾವ ಫ್ಯೂಸೂ ಹೋಗುವುದಿಲ್ಲ. ಸ್ಟೀಲ್ ಸೌಟನ್ನು ಅದ್ದಿದವರ ಮೈಯೇ ಆಗ ದಾರಿಯಾಗುತ್ತದೆ. ಆದ್ದರಿಂದ ಪ್ರತಿಯೊಂದು ಎಲಿಮೆಂಟಿನ ಬುಡಕ್ಕೂ ಅರ್ಥಿಂಗ್ ಇರಬೇಕು, ನಲ್ಲಿ ಲೋಹದ್ದಾಗಿದ್ದರೆ ಅದಕ್ಕೂ ಒಂದು ತಂತಿ ಎಳೆಯಬೇಕು, ಮತ್ತು ಇಡೀ ಏರ್ಪಾಡಿನ ಹಿಂದೆ, ವಿದ್ಯುತ್ತು ನೆಲಕ್ಕೆ ಸೋರಿದೊಡನೆ ತಾನೇ ಕಡಿಯುವ ಸ್ವಿಚ್ಚು, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಹಲವು ತಿಂಗಳು ಬಳಸದೆ ಇಟ್ಟಿದ್ದ ಎಲಿಮೆಂಟನ್ನು ಹಾಕಿದೊಡನೆ ಆರ್‌ಸಿಸಿಬಿ ಬೀಳುವುದುಂಟು. ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಗಾಳಿಯ ತೇವವನ್ನು ಹೀರಿಕೊಳ್ಳುವ ಪುಡಿಯಾದ್ದರಿಂದ ಹೀಗಾಗುತ್ತದೆ. ಅದನ್ನು ಬಿಚ್ಚಿ, ಬೆಚ್ಚಗಿನ ಒಣ ಜಾಗದಲ್ಲಿ ಚೆನ್ನಾಗಿ ಒಣಗಿಸಿ ನೋಡಬೇಕು, ಆಗಲೂ ಬಿದ್ದರೆ ಎಸೆಯಬೇಕು. ಆರ್‌ಸಿಸಿಬಿಯನ್ನು ತಪ್ಪಿಸಿ ಬೇರೆ ಸಾಕೆಟ್ಟಿಗೆ ಹಾಕುವುದು ಉತ್ತರವಲ್ಲ. ಹೊರಗಿನ ಕಂಬಿಗಳ ಮೇಲೆ ಹನಿಯೂ ಆವಿಯೂ ಕೈಯೂ ತಾಗದಂತೆ ಮುಚ್ಚಿದ ಡಬ್ಬಿಯಿರಬೇಕು, ತಂತಿ ಡಬ್ಬಿಯಿಂದ ಕೆಳಮುಖವಾಗಿ ಇಳಿದು ಆಮೇಲೆ ಪ್ಲಗ್ಗಿನತ್ತ ಏರಬೇಕು, ಆಗ ತಂತಿಯ ಗುಂಟ ಹರಿದ ನೀರು ತಗ್ಗಿನಲ್ಲಿ ತೊಟ್ಟಿಕ್ಕಿಹೋಗುತ್ತದೆ. ಈ ಭಾಗದ ಕೆಲಸವನ್ನು ವಿದ್ಯುತ್ ಕೆಲಸ ಬಲ್ಲವರಿಂದ ಮಾಡಿಸಿಕೊಂಡೆ. ಗೊತ್ತಿಲ್ಲದವರು ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಕೆಟಲಿನ ಎಲಿಮೆಂಟನ್ನು ಬಳಸುವವರು ಅದರ ಕನೆಕ್ಟರನ್ನೂ ಗಮನಿಸಬೇಕು. ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ತಂತಿಯ ತುದಿಗೂ ಕೆಟಲಿನ ತಂತಿಯ ತುದಿಗೂ ಹೋಲಿಕೆಯಿದೆ, ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಸಿ-13 ಎಂದು ಹೆಸರು, ಅದು 70 ಡಿಗ್ರಿಯವರೆಗಿನ ಬಿಸಿಗೆ ಮಾತ್ರ. ಎರಡನೆಯದು ಸಿ-15, ಅದರ ಮೇಲೊಂದು ಸಣ್ಣ ಕಚ್ಚು ಇರುತ್ತದೆ, ಅದು 120 ಡಿಗ್ರಿಯವರೆಗೆ ತಾಳುತ್ತದೆ. ಎರಡರ ಮಿತಿಯೂ 10 ಆಂಪಿಯರ್. ಕೆಟಲ್ ಕೆಲವೇ ನಿಮಿಷ ಕೆಲಸ ಮಾಡಿ ಆರುತ್ತದೆ, ನಮ್ಮ ಬಕೆಟ್ಟಿನಲ್ಲಿ ಅದೇ ಕನೆಕ್ಟರ್ ಎರಡು ಗಂಟೆ ಸತತವಾಗಿ ಹೊರೆ ಹೊರಬೇಕು. ಸಂಪರ್ಕದಲ್ಲಿ ಒಂದು ಓಮ್‌ನ ಇಪ್ಪತ್ತನೇ ಒಂದು ಭಾಗದಷ್ಟು ತಡೆಯಿದ್ದರೂ 10 ಆಂಪಿಯರಿನಲ್ಲಿ 5 ವಾಟ್ ಶಾಖ ಆ ಪುಟ್ಟ ಜಾಗದಲ್ಲೇ ಹುಟ್ಟುತ್ತದೆ. ನನ್ನ ಎರಡನೆಯ ಬಕೆಟ್ಟಿನ ಒಂದು ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ, ಕಿತ್ತರೆ ಪುಡಿಯಾಗುವಂತಾಗಿತ್ತು. ಅಂದಿನಿಂದ ಪ್ರತಿ ಸಲ ಕುದಿಸಿದ ಮೇಲೆ ಪ್ಲಗ್ಗು ಕಿತ್ತು ಕನೆಕ್ಟರಿನ ತುದಿಯನ್ನು ನೋಡುತ್ತೇನೆ, ಬಣ್ಣ ಕಿಂಚಿತ್ ಬದಲಾಗಿದ್ದರೂ ಹೊಸದು ಹಾಕುತ್ತೇನೆ. ಕೆಟಲ್ ಎಲಿಮೆಂಟುಗಳ ಬುಡದ ಹಿಂದೆ ಒಂದು ದ್ವಿಲೋಹ ಪಟ್ಟಿಯಿರುತ್ತದೆ. ಬುಡ ಅತಿಯಾಗಿ ಬಿಸಿಯಾದರೆ ಅದು ಟಕ್ಕೆಂದು ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ಕುದಿತದ ನಡುವೆ ಇದು ಮತ್ತೆ ಮತ್ತೆ ಕಡಿಯುತ್ತಿದ್ದರೆ ಸಿಟ್ಟು ಬರುವುದು ಸಹಜ, ಅದನ್ನು ಕಿತ್ತು ನೇರವಾಗಿ ತಂತಿ ಜೋಡಿಸುವವರೂ ಇದ್ದಾರೆ. ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರು ಇಳಿದಾಗ ಕಾಯುವ ಕಡೆಯ ಕಾವಲು ಅದು. ಅದು ಕಡಿಯುತ್ತಿದೆ ಎಂದರೆ ಎಲಿಮೆಂಟಿನ ಮೇಲೆ ಏನೋ ಅಂಟಿಕೊಂಡು ನೀರನ್ನು ದೂರವಿಟ್ಟಿದೆ ಎಂದೇ ಅರ್ಥ, ಹಾಗಾಗಿ ತೊಳೆಯಬೇಕಾದದ್ದು ಎಲಿಮೆಂಟನ್ನು.

ಅಂಟಿಕೊಳ್ಳುವುದು ಎರಡು ಬಗೆಯದು. ಗಡಸು ನೀರಿನ ಸುಣ್ಣ ಒಂದು, ವರ್ಟ್ ಕುದಿಯುವಾಗ ಹೆಪ್ಪುಗಟ್ಟುವ ಪ್ರೋಟೀನು ಇನ್ನೊಂದು. ಸುಣ್ಣಕ್ಕೆ ಸಿಟ್ರಿಕ್ ಆಮ್ಲದ ಬಿಸಿ ದ್ರಾವಣ ಸಾಕು. ಪ್ರೋಟೀನಿನ ಪೊರೆ ಸಕ್ಕರೆಯೊಂದಿಗೆ ಸೇರಿ ಕಪ್ಪಗೆ ಸೀದರೆ ಉಜ್ಜಿಯೇ ತೆಗೆಯಬೇಕು, ಮತ್ತು ಆ ಸೀದ ವಾಸನೆ ಬಿಯರಿಗೆ ಹಿಡಿದರೆ ತಿಂಗಳುಗಟ್ಟಲೆ ಇಟ್ಟರೂ ಹೋಗದು. ಎಲಿಮೆಂಟಿನ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಎಷ್ಟು ವಾಟ್ ಬೀಳುತ್ತದೆ ಎಂಬುದರ ಮೇಲೆ ಇದು ನಿಂತಿದೆ. ಗಿಡ್ಡನೆಯ, ಹೆಚ್ಚು ವಾಟಿನ ಎಲಿಮೆಂಟಿನಲ್ಲಿ ಇದು 23 ವಾಟಿನ ಆಸುಪಾಸು ಇದ್ದರೆ, ಉದ್ದನೆಯ ಕೊಳವೆಯನ್ನು ಮಡಿಸಿ ಮಾಡಿದ ಎಲಿಮೆಂಟುಗಳಲ್ಲಿ 8 ವಾಟಿನಷ್ಟು ಮಾತ್ರ ಇರುತ್ತದೆ. ಬಕೆಟ್ಟಿನೊಳಗೆ ಜಾಗ ಹಿಡಿಸುವುದಾದರೆ ಉದ್ದನೆಯದನ್ನೇ ಆರಿಸುವುದು ಲೇಸು. ಗಟ್ಟಿ ಮಾಲ್ಟ್ ಸಾರವನ್ನು ಸುರಿಯುವವರು ಮೊದಲು ಎಲಿಮೆಂಟನ್ನು ಆರಿಸಿ, ಸಾರ ಪೂರ್ತಿ ಕರಗಿದ ಮೇಲೆ ಮತ್ತೆ ಹಾಕಬೇಕು. ಜೇನಿನಂತಹ ಆ ಸಾರ ನೇರವಾಗಿ ತಳಕ್ಕಿಳಿದು ಬಿಸಿ ಕೊಳವೆಯ ಮೇಲೆಯೇ ಕೂರುತ್ತದೆ. ಮಾಲ್ಟ್ ಕಾಳನ್ನು ಇದೇ ಪಾತ್ರೆಯಲ್ಲಿ ನೆನೆಸುವುದಾದರೆ ಬಟ್ಟೆಯ ಚೀಲದಲ್ಲಿ ಕಟ್ಟಿ, ಚೀಲ ಎಲಿಮೆಂಟಿಗೆ ತಾಗದಂತೆ ನಡುವೆ ತೂತಿನ ತಟ್ಟೆ ಇರಿಸಬೇಕು.

ಈ ಪಾತ್ರೆಯಲ್ಲೇ ಹುದುಗು ಬರಿಸಬಹುದೇ ಎಂದರೆ ಬೇಡವೆನ್ನುತ್ತೇನೆ. ನಟ್ಟು ವಾಷರುಗಳ ಸಂದು ಕ್ರಿಮಿಗಳಿಗೆ ಮನೆ.

ತುಂಬಿದ ಬಕೆಟ್ಟನ್ನು ಬಿಸಿಯಿರುವಾಗ ಎತ್ತಲೂಬಾರದು, ಎಳೆಯಲೂಬಾರದು. ಹಿಡಿಕೆ ಸೇರಿರುವ ಕಿವಿಗಳು 100 ಡಿಗ್ರಿಯಲ್ಲಿ 25 ಕಿಲೋ ಹೊರಲು ಮಾಡಿದವುಗಳಲ್ಲ. ಕುದಿಸುವ ಜಾಗದಲ್ಲೇ ತುಂಬಿ, ಅಲ್ಲೇ ಆರಿಸಿ, ಕೊಳವೆಯಿಂದ ಇಳಿಸಿಕೊಳ್ಳುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು. ಬಕೆಟ್ಟಿನ ಇಡೀ ತಳಕ್ಕೆ ಸಮತಟ್ಟಾದ ಆಧಾರ ಬೇಕು, ಮೂರು ಕಾಲಿನ ಸ್ಟ್ಯಾಂಡು ಸಲ್ಲದು.

ನನ್ನ ಮೊದಲ ಬಕೆಟ್ಟನ್ನು ನಿವೃತ್ತಿಗೊಳಿಸಿದ ದಿನ ತೂತಿನ ನಡುವಿನಿಂದ ಗೋಡೆಯನ್ನು ಗರಗಸದಲ್ಲಿ ಕೊಯ್ದು, ವರ್ನಿಯರ್ ಕ್ಯಾಲಿಪರಿನಿಂದ ಅಳೆದೆ. ಬೇರೆಡೆ 2.3 ಮಿಲಿಮೀಟರ್ ದಪ್ಪವಿದ್ದ ಗೋಡೆ ನಟ್ಟು ಕುಳಿತಿದ್ದ ಜಾಗದಲ್ಲಿ 1.6ಕ್ಕೆ ಇಳಿದಿತ್ತು, ಹಿಂಡಿಹೋದ ಪ್ಲಾಸ್ಟಿಕ್ ನಟ್ಟಿನ ಅಂಚಿನ ಸುತ್ತ ಏಣಾಗಿ ನಿಂತಿತ್ತು. ಈಗಿನ ಪಾಲಿಪ್ರೊಪಿಲೀನ್ ಪಾತ್ರೆಯಲ್ಲಿ ನಟ್ಟಿನಡಿ ಅಗಲವಾದ ಸ್ಟೀಲ್ ಬಿಲ್ಲೆಯನ್ನೂ ಎರಡೂ ಕಡೆ ಮೂರು ಮಿಲಿಮೀಟರಿನ ಸಿಲಿಕೋನ್ ವಾಷರನ್ನೂ ಹಾಕಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ಸಲ ಕುದಿಸಿದ ಮೇಲೆ ಕಳೆದ ವಾರ ಬಿಚ್ಚಿ ಅಳೆದಾಗ ಗೋಡೆಯ ದಪ್ಪ ತೂತಿನ ಅಂಚಿನಲ್ಲೂ ಬೇರೆಡೆಯಲ್ಲೂ ಒಂದೇ ಇತ್ತು. ವಾಷರುಗಳನ್ನು ಮಾತ್ರ ಬದಲಿಸಿ ಮತ್ತೆ ಜೋಡಿಸಿದೆ.